ಕಪ್ಪು ಐದೋ, ಬಿಳಿ ನಾಲ್ಕೋ: ಟ್ಯೂಬಾ ಕೊಳ್ಳುವ ಮೊದಲು ಶ್ರುತಿಯ ಲೆಕ್ಕ

ಈ ವರ್ಷ ಮೂವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ಟೆಕ್ಸಸ್‌ನಲ್ಲಿ ನೆಲೆಸಿರುವ ತಾಯಿಯೊಬ್ಬರ ಮಗಳು ಶಾಲೆಯ ಬ್ಯಾಂಡಿನಲ್ಲಿ ಟ್ಯೂಬಾ, ಅಂದರೆ ಹಿತ್ತಾಳೆಯ ಊದುವ ವಾದ್ಯಗಳಲ್ಲಿ ಅತಿ ಮಂದ್ರದ್ದು, ಹಿಡಿದಿದ್ದಾಳೆ, ಮನೆಯಲ್ಲಿ ಅಭ್ಯಾಸಕ್ಕೆ ಒಂದನ್ನು ಕೊಡಿಸಬೇಕು. ಮಂಗಳೂರಿನಿಂದ ಯಾರ್ಕ್‌ಷೈರ್‌ಗೆ ಕೆಲಸಕ್ಕೆ ಹೋದ ಹುಡುಗನನ್ನು ಅಲ್ಲಿನ ಬ್ರಾಸ್ ಬ್ಯಾಂಡಿನವರು (ಹಿತ್ತಾಳೆ ವಾದ್ಯಗಳ ತಂಡದವರು) ಬಾ ಎಂದು ಕರೆದಿದ್ದಾರೆ. ಬೆಂಗಳೂರಿನ ಇನ್ನೊಬ್ಬರು ತಮ್ಮ ಚರ್ಚಿನ ವಾದ್ಯವೃಂದದಲ್ಲಿ ಮಂದ್ರ ಸ್ವರ ತುಂಬುವವರೇ ಇಲ್ಲವೆಂದು ಹಳೆಯ ಟ್ಯೂಬಾ ಒಂದನ್ನು ಹುಡುಕುತ್ತಿದ್ದಾರೆ. ಯಾವ ಶ್ರುತಿಯದನ್ನು ತೆಗೆದುಕೊಳ್ಳಲಿ ಎಂಬುದೇ ಮೂವರ ಪ್ರಶ್ನೆ. ಮೂವರಿಗೂ ನಾನು ಬೇರೆ ಬೇರೆ ಉತ್ತರ ಕೊಟ್ಟೆ. ಆ ಉತ್ತರಗಳು ಹೇಗೆ ಬಂದವು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ನೀವು ಅವರ ಜಾಗದಲ್ಲಿದ್ದರೆ ನಿಮ್ಮ ಉತ್ತರವನ್ನು ನೀವೇ ತೆಗೆದುಕೊಳ್ಳಬಹುದು.

ಮೊದಲು ನಾಲ್ಕು ಶ್ರುತಿಗಳ ಪರಿಚಯ. ನಮ್ಮಲ್ಲಿ ಹಾರ್ಮೋನಿಯಂ ಮುಟ್ಟಿದವರಿಗೂ ಯಕ್ಷಗಾನದ ಚೌಕಿಯ ಬಳಿ ಕುಳಿತವರಿಗೂ ಇದು ಸುಲಭ. ಭಾಗವತರು 'ಕಪ್ಪು ಎರಡು' ಎಂದರೆ ಶ್ರುತಿ ಎಲ್ಲಿದೆ ಎಂದು ತಿಳಿಯುತ್ತದಲ್ಲ, ಅದೇ ಲೆಕ್ಕ. ಟ್ಯೂಬಾಗಳಲ್ಲಿ ಅತಿ ಉದ್ದದ್ದು ಬಿ ಫ್ಲ್ಯಾಟ್, ಅಂದರೆ ಕಪ್ಪು ಐದು. ಅದರ ಕೊಳವೆಯನ್ನು ಬಿಚ್ಚಿ ನೇರ ಮಾಡಿದರೆ ಸುಮಾರು 5.5 ಮೀಟರ್. ಅದಕ್ಕಿಂತ ಒಂದು ಪೂರ್ಣ ಸ್ವರ ಮೇಲಿರುವುದು ಸಿ, ನಮ್ಮ ಬಿಳಿ ಒಂದು, ಸುಮಾರು 4.9 ಮೀಟರ್. ಇ ಫ್ಲ್ಯಾಟ್ ಎಂದರೆ ಕಪ್ಪು ಎರಡು, ಸುಮಾರು 4 ಮೀಟರ್. ಎಫ್ ಎಂದರೆ ಬಿಳಿ ನಾಲ್ಕು, ಸುಮಾರು 3.7 ಮೀಟರ್. ಉದ್ದದ ಎರಡನ್ನು ಕಾಂಟ್ರಾಬಾಸ್ ಟ್ಯೂಬಾ ಎಂದೂ ಗಿಡ್ಡದ ಎರಡನ್ನು ಬಾಸ್ ಟ್ಯೂಬಾ ಎಂದೂ ಕರೆಯುತ್ತಾರೆ. ಅಮೆರಿಕದ ಅಂಗಡಿಗಳಲ್ಲಿ 'ಬಿಬಿ ಫ್ಲ್ಯಾಟ್', 'ಸಿಸಿ' ಎಂಬ ಜೋಡಿ ಅಕ್ಷರ ಕಂಡರೆ ಅದು ಈ ಉದ್ದದ ಜೋಡಿಯೇ.

ಆದರೆ ಹಾಡುಗಾರನ ಶ್ರುತಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಟ್ಯೂಬಾದ ಶ್ರುತಿ ನೀವು ಯಾವ ಸ್ವರ ನುಡಿಸಬಹುದು ಎಂಬುದನ್ನು ಕಟ್ಟಿಹಾಕುವುದಿಲ್ಲ. ವಾಲ್ವ್‌ಗಳು (ಬೆರಳಿನಿಂದ ಒತ್ತಿ ಕೊಳವೆಗೆ ಉದ್ದ ಸೇರಿಸುವ ಗುಂಡಿಗಳು) ಇರುವುದರಿಂದ ಹನ್ನೆರಡು ಸ್ವರಗಳೂ ಎಲ್ಲ ಟ್ಯೂಬಾಗಳಲ್ಲಿ ಸಿಗುತ್ತವೆ. ಒಂದೂ ವಾಲ್ವ್ ಒತ್ತದೆ ಊದಿದಾಗ ಬರುವ ಸಹಜ ಸ್ವರಗಳು ಯಾವುವು ಎಂಬುದನ್ನಷ್ಟೇ ಶ್ರುತಿ ಹೇಳುತ್ತದೆ. ಉಳಿದದ್ದೆಲ್ಲ ಅಲ್ಲಿಂದ ಹುಟ್ಟುತ್ತದೆ: ಬೆರಳಿನ ಕ್ರಮ, ಉಸಿರಿನ ಖರ್ಚು, ತಪ್ಪುವ ಅಪಾಯ, ಹೊರುವ ಭಾರ.

ಆರಿಸುವಾಗ ನೋಡಬೇಕಾದ್ದು

ಎಲ್ಲಕ್ಕಿಂತ ಮೊದಲು, ನಿಮ್ಮ ಪಕ್ಕದಲ್ಲಿ ಯಾರು ಕೂರುತ್ತಾರೆ ಮತ್ತು ಸ್ಟ್ಯಾಂಡಿನ ಮೇಲೆ ಎಂಥ ಹಾಳೆ ಇಡುತ್ತಾರೆ ಎಂಬುದನ್ನು ನೋಡಿ. ಇದನ್ನು ನಾನು ಬಹಳ ಗಟ್ಟಿಯಾಗಿ ಹೇಳುತ್ತೇನೆ. 'ಅತ್ಯುತ್ತಮ ಶ್ರುತಿ ಯಾವುದು' ಎಂದು ಹುಡುಕುತ್ತ ಹೋದವರು ಒಳ್ಳೆಯ ವಾದ್ಯವನ್ನೇ ಕೊಂಡು ತಪ್ಪು ಕುರ್ಚಿಯಲ್ಲಿ ಕುಳಿತದ್ದನ್ನು ನಾನು ಕಂಡಿದ್ದೇನೆ. ಟ್ಯೂಬಾ ಸಾಮಾನ್ಯವಾಗಿ ಒಂಟಿಯಾಗಿ ನುಡಿಸುವ ವಾದ್ಯವಲ್ಲ. ಅದು ಮನೆಯ ಅಡಿಪಾಯ. ಅಡಿಪಾಯದ ಅಳತೆ ಮೇಲೆ ಏಳುವ ಮನೆಯನ್ನು ಅನುಸರಿಸುತ್ತದೆ.

ಎರಡನೆಯದು, ಸಂಗೀತ ನಿಮ್ಮನ್ನು ಯಾವ ಎತ್ತರದಲ್ಲಿ ಇರಿಸುತ್ತದೆ ಎಂಬುದು. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪಿಯಾನೋದ ನಡು ಸಿ ಸ್ವರದ ಮೇಲಿರುವ ಎಫ್ ಅನ್ನು ತೆಗೆದುಕೊಳ್ಳಿ. ಅದರ ಕಂಪನ ಸೆಕೆಂಡಿಗೆ ಸುಮಾರು 349. ಎಫ್ ಟ್ಯೂಬಾದಲ್ಲಿ ಅದು ಕೆಳಗಿನಿಂದ ಎಣಿಸಿದರೆ ಎಂಟನೆಯ ಸಹಜ ಸ್ವರ. ಬಿ ಫ್ಲ್ಯಾಟ್ ಟ್ಯೂಬಾದಲ್ಲಿ ಅದೇ ಸ್ವರ ಹನ್ನೆರಡನೆಯದು. ಮೇಲೆ ಹೋದಂತೆ ಸಹಜ ಸ್ವರಗಳು ಏಣಿಯ ಮೇಲಿನ ಮೆಟ್ಟಿಲುಗಳ ಹಾಗೆ ಒತ್ತೊತ್ತಾಗುತ್ತವೆ. ಎಂಟನೆಯದರ ಅಕ್ಕಪಕ್ಕದ ಮೆಟ್ಟಿಲು ಒಂದು ಪೂರ್ಣ ಸ್ವರ ಅಥವಾ ಅದಕ್ಕಿಂತ ದೂರದಲ್ಲಿದೆ. ಹನ್ನೆರಡನೆಯದರ ಎರಡೂ ಬದಿಯಲ್ಲಿ ಪೂರ್ಣ ಸ್ವರದಷ್ಟೂ ಜಾಗವಿಲ್ಲ. ತುಟಿ ಕೂದಲೆಳೆಯಷ್ಟು ತಪ್ಪಿದರೆ ಪಕ್ಕದ ಸ್ವರ ಒಡೆದು ಹೊರಬೀಳುತ್ತದೆ. ಆದ್ದರಿಂದ ಮೇಲೆ ಹಾಡುವ ಟ್ಯೂಬಾ ಗಿಡ್ಡದಾಗಿದ್ದರೆ ಒಳ್ಳೆಯದು, ಕೆಳಗೆ ನಿಂತು ಹೊರುವ ಟ್ಯೂಬಾ ಉದ್ದದ್ದಾಗಿದ್ದರೆ ಒಳ್ಳೆಯದು. ನಡುವಿನ ಎಲ್ಲ ವಾದಗಳೂ ಈ ಎರಡರ ಹಗ್ಗಜಗ್ಗಾಟ.

ಮೂರನೆಯದು ಮೈ. ಕೂತು ನುಡಿಸುವಾಗ ಮೌತ್‌ಪೀಸ್ (ತುಟಿ ಇಟ್ಟು ಊದುವ ತುದಿ) ತುಟಿಯ ಎತ್ತರಕ್ಕೆ ಬರಬೇಕು, ಉಸಿರು ಸಾಲಬೇಕು, ಬಸ್ಸಿನಲ್ಲೋ ಮೆಟ್ಟಿಲಿನಲ್ಲೋ ಎತ್ತಲು ಆಗಬೇಕು. ನಾಲ್ಕನೆಯದು ಹಣ, ಮತ್ತು ಹಣದ ಜೊತೆಗೇ ರಿಪೇರಿ ಹಾಗೂ ಮರುಮಾರಾಟ. ವೃತ್ತಿಪರ ದರ್ಜೆಯ ಹೊಸ ಟ್ಯೂಬಾದ ಬೆಲೆ ಒಂದು ಕಾರಿನ ಬೆಲೆಗೆ ಹತ್ತಿರ ಹೋಗುತ್ತದೆ. ನಿಮ್ಮ ಊರಿನಲ್ಲಿ ಯಾರೂ ಊದದ ಶ್ರುತಿಯನ್ನು ಕೊಂಡರೆ ನಾಳೆ ಅದನ್ನು ಕೊಳ್ಳುವವರೂ ಇರುವುದಿಲ್ಲ.

ಬಿ ಫ್ಲ್ಯಾಟ್: ಹೆಚ್ಚು ಜನರ ಟ್ಯೂಬಾ

ಲೋಕದಲ್ಲಿ ಅತಿ ಹೆಚ್ಚು ಜನ ಊದುವುದು ಇದನ್ನೇ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಅಮೆರಿಕದ ಶಾಲೆಗಳಲ್ಲಿ ಟ್ಯೂಬಾ ಎಂದರೆ ಬಿ ಫ್ಲ್ಯಾಟ್. ಜಪಾನಿನ ಶಾಲಾ ಬ್ಯಾಂಡುಗಳಲ್ಲೂ ಹಾಗೆಯೇ. ಜರ್ಮನಿ, ಆಸ್ಟ್ರಿಯಾಗಳ ಹಳ್ಳಿ ಬ್ಯಾಂಡುಗಳಲ್ಲಿ ಕೆಳಗಿನ ಸಾಲನ್ನು ಹೊರುವುದು ಇದು. ರಷ್ಯಾದಲ್ಲಂತೂ ಆರ್ಕೆಸ್ಟ್ರಾದ ಕುರ್ಚಿಯಲ್ಲೂ ಇದೇ ಬೇರು ಬಿಟ್ಟಿದೆ. ಪ್ರೊಕೊಫೀವ್ ಅವರ ಐದನೆಯ ಸಿಂಫನಿಯಲ್ಲಿ ಟ್ಯೂಬಾ ಇಡೀ ಆರ್ಕೆಸ್ಟ್ರಾವನ್ನು ಕೆಳಗಿನಿಂದ ಎತ್ತಿಹಿಡಿಯುವುದನ್ನು ಕೇಳಿದರೆ, ಆ ಭಾಗ ಎಂಥ ವಾದ್ಯವನ್ನು ಬೇಡುತ್ತದೆ ಎಂದು ಕಿವಿಯೇ ಹೇಳುತ್ತದೆ.

ಮೆರವಣಿಗೆಯ ಸೂಸಾಫೋನ್ ಕೂಡ ಸಾಮಾನ್ಯವಾಗಿ ಇದೇ ಶ್ರುತಿಯದು. ಬ್ಯಾಂಡ್ ನಾಯಕ ಜಾನ್ ಫಿಲಿಪ್ ಸೂಸಾ ಅವರ ಬೇಡಿಕೆಯಂತೆ ಫಿಲಡೆಲ್ಫಿಯಾದ ಜೆ. ಡಬ್ಲ್ಯೂ. ಪೆಪ್ಪರ್ 1893ರಲ್ಲಿ ಮೊದಲನೆಯದನ್ನು ಮಾಡಿಕೊಟ್ಟರು. ನಮ್ಮ ಮದುವೆ ಮೆರವಣಿಗೆಗಳಲ್ಲಿ ಬ್ಯಾಂಡ್ ಸೆಟ್‌ನವರ ತಲೆಯ ಮೇಲೆ ಬಿಳಿ ಬಾಯಿ ತೆರೆದು ನಿಂತಿರುತ್ತದಲ್ಲ, ಆ ವಾದ್ಯವೇ. ಹಿತ್ತಾಳೆಯದ್ದು ಹತ್ತು ಕಿಲೋ ದಾಟುತ್ತದೆ, ಫೈಬರ್‌ನದ್ದು ಅದಕ್ಕಿಂತ ಹಗುರ. ಭಾರ ಒಂದೇ ಭುಜದ ಮೇಲೆ ಕೂರುವುದರಿಂದ, ನಡೆಯುತ್ತ ನುಡಿಸುವವರು ಎರಡು ಕಿಲೋ ವ್ಯತ್ಯಾಸವನ್ನೂ ಹಗುರವಾಗಿ ತೆಗೆದುಕೊಳ್ಳಬಾರದು.

ಇದರ ಬಲ ಮಂದ್ರದ ತುಂಬುತನ. ಹಳೆಯ ವಾದ್ಯಗಳು ಧಾರಾಳವಾಗಿ ಸಿಗುತ್ತವೆ, ಆದ್ದರಿಂದ ಬೆಲೆಯೂ ಕೈಗೆಟಕುತ್ತದೆ. ಬ್ಯಾಂಡ್ ಸಂಗೀತ ಹೆಚ್ಚಾಗಿ ಫ್ಲ್ಯಾಟ್ ಶ್ರುತಿಗಳಲ್ಲೇ ಇರುವುದರಿಂದ ಬೆರಳಿಗೂ ಹಿತ. ದೌರ್ಬಲ್ಯ ಆಗಲೇ ಹೇಳಿದೆ: ಮೇಲಿನ ಸ್ವರಗಳಲ್ಲಿ ಒತ್ತೊತ್ತಾದ ಮೆಟ್ಟಿಲು. ಜೊತೆಗೆ ಗಾತ್ರ. ಹನ್ನೊಂದು ಹನ್ನೆರಡು ವರ್ಷದ ಮಗುವಿನ ತೊಡೆಯ ಮೇಲೆ ಪೂರ್ಣ ಗಾತ್ರದ ಬಿ ಫ್ಲ್ಯಾಟ್ ಇಟ್ಟರೆ ಮಗು ಮೌತ್‌ಪೀಸಿಗೆ ಕತ್ತು ಚಾಚಬೇಕಾಗುತ್ತದೆ. ಅದಕ್ಕೆಂದೇ ಮುಕ್ಕಾಲು ಗಾತ್ರದವು ಇವೆ. ಉದ್ದ ಅಷ್ಟೇ, ಶ್ರುತಿಯೂ ಅದೇ, ಕೊಳವೆಯ ಅಗಲ ಮತ್ತು ಹೊರಮೈ ಮಾತ್ರ ಕಿರಿದು. ಟೆಕ್ಸಸ್‌ನ ತಾಯಿಗೆ ನಾನು ಹೇಳಿದ್ದು ಇದನ್ನೇ: ಶಾಲೆಯಲ್ಲಿರುವುದು ಬಿ ಫ್ಲ್ಯಾಟ್ ಆದರೆ ಮನೆಯಲ್ಲೂ ಬಿ ಫ್ಲ್ಯಾಟ್, ಮುಕ್ಕಾಲು ಗಾತ್ರ, ಹಳೆಯದಾದರೂ ಚಿಂತೆಯಿಲ್ಲ. ಶಾಲೆಯಲ್ಲಿ ಒಂದು ಬೆರಳು, ಮನೆಯಲ್ಲಿ ಇನ್ನೊಂದು ಬೆರಳು ಎಂದಾದರೆ ಮಗು ಎರಡು ತಿಂಗಳಲ್ಲಿ ಬೇಸತ್ತು ಬಿಡುತ್ತದೆ.

ಸಿ: ಅಮೆರಿಕದ ಆರ್ಕೆಸ್ಟ್ರಾಗಳ ನಂಬಿಕೆ

ಅದೇ ಹುಡುಗಿ ಮುಂದೆ ಸಂಗೀತವನ್ನೇ ಓದಲು ಕಾಲೇಜಿಗೆ ಹೋದರೆ, ಗುರುಗಳು ಹೆಚ್ಚಿನಂಶ ಅವಳ ಕೈಗೆ ಸಿ ಟ್ಯೂಬಾ ಕೊಡುತ್ತಾರೆ. ಅಮೆರಿಕದಲ್ಲಿ ಆರ್ಕೆಸ್ಟ್ರಾ ಟ್ಯೂಬಾ ಎಂದರೆ ಸಿ. ಇದು ಭೌತಶಾಸ್ತ್ರಕ್ಕಿಂತ ಹೆಚ್ಚಾಗಿ ಗುರುಪರಂಪರೆ. ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನ ವಿಲಿಯಂ ಬೆಲ್, 1944ರಿಂದ 1988ರವರೆಗೆ ಷಿಕಾಗೋ ಸಿಂಫನಿಯಲ್ಲಿದ್ದ ಆರ್ನಲ್ಡ್ ಜೇಕಬ್ಸ್ ಮೊದಲಾದವರು ಸಿ ನುಡಿಸಿದರು, ಶಿಷ್ಯರು ಅದನ್ನೇ ಹಿಡಿದರು, ಶಿಷ್ಯರ ಶಿಷ್ಯರಿಗೆ ಬೇರೆಯದು ತೋಚಲೇ ಇಲ್ಲ. ಜೇಕಬ್ಸ್ ಅವರ ಯಾರ್ಕ್ ಕಂಪನಿಯ ದೊಡ್ಡ ಟ್ಯೂಬಾ 1930ರ ದಶಕದ ಆರಂಭದಲ್ಲಿ ಫಿಲಡೆಲ್ಫಿಯಾ ಆರ್ಕೆಸ್ಟ್ರಾಗಾಗಿ ತಯಾರಾದದ್ದು. ಇಂದಿಗೂ ಹಲವು ತಯಾರಕರು ಅದರ ಮಾದರಿಯಲ್ಲೇ ತಮ್ಮ ದುಬಾರಿ ಟ್ಯೂಬಾಗಳನ್ನು ಮಾಡುತ್ತಾರೆ. ಸಂಗೀತ ಘರಾನೆಗಳನ್ನು ಬಲ್ಲ ನಮಗೆ ಇದು ಅರ್ಥವಾಗದ ವಿಷಯವಲ್ಲ.

ಬೆರಳಿನ ಕಾರಣವೂ ಇದೆ. ಆರ್ಕೆಸ್ಟ್ರಾದಲ್ಲಿ ತಂತಿವಾದ್ಯಗಳಿಗೆ ಒಗ್ಗುವ ಜಿ, ಡಿ ಶ್ರುತಿಗಳು ಮತ್ತೆ ಮತ್ತೆ ಬರುತ್ತವೆ. ಜಿ ಮೇಜರ್ ಸ್ವರಶ್ರೇಣಿ ಏರುವಾಗ ಸಿ ಟ್ಯೂಬಾದಲ್ಲಿ ಜಿ, ಸಿ, ಇ ಸ್ವರಗಳು ವಾಲ್ವ್ ಮುಟ್ಟದೆಯೇ ಹೊರಬರುತ್ತವೆ. ಬಿ ಫ್ಲ್ಯಾಟ್‌ನಲ್ಲಿ ಅದೇ ಮೆಟ್ಟಿಲನ್ನು ಹತ್ತುವಾಗ ಒಂದು ಮತ್ತು ಎರಡನೆಯ ವಾಲ್ವ್‌ಗಳನ್ನು ಜೊತೆಯಾಗಿ ಒತ್ತುವ ಕೆಲಸ ಮತ್ತೆ ಮತ್ತೆ ಬೀಳುತ್ತದೆ.

ಸಿ ಟ್ಯೂಬಾದ ನಾದವೇ ಬೇರೆ, ಅದು ಚುರುಕು, ಬಿ ಫ್ಲ್ಯಾಟ್ ಮಂದ ಎಂದು ಹೇಳುವವರಿದ್ದಾರೆ. ಮಿರಾಫೋನ್ ಕಂಪನಿಯ 186 ಎಂಬ ಮಾದರಿ ಎರಡೂ ಶ್ರುತಿಗಳಲ್ಲಿ ಸಿಗುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ಊದಿ ನೋಡಿದ್ದೇನೆ. ಊದುವವನ ತುಟಿಗೆ ವ್ಯತ್ಯಾಸ ತಿಳಿಯುತ್ತದೆ, ಸಿ ಸ್ವಲ್ಪ ಬೇಗ ಮಾತನಾಡುತ್ತದೆ. ಸಭಾಂಗಣದ ನಡುವೆ ಕುಳಿತ ಗೆಳೆಯನಿಗೆ ಯಾವುದು ಯಾವುದೆಂದು ಹೇಳಲಾಗಲಿಲ್ಲ. ಕೊಳವೆಯ ಅಗಲ, ಬೆಲ್‌ನ (ವಾದ್ಯದ ಅಗಲ ಬಾಯಿಯ) ಆಕಾರ, ಊದುವವನ ಉಸಿರು ಇವು ನಾದವನ್ನು ಬದಲಿಸುವಷ್ಟು 60 ಸೆಂಟಿಮೀಟರ್ ಉದ್ದ ಬದಲಿಸುವುದಿಲ್ಲ ಎಂಬುದು ನನ್ನ ಅನುಭವ.

ಆದ್ದರಿಂದ ಸಿ ಯಾರಿಗೆ? ಅಮೆರಿಕದಲ್ಲಿ ಆರ್ಕೆಸ್ಟ್ರಾ ಸೇರುವ ದಾರಿಯಲ್ಲಿರುವವರಿಗೆ, ಅಥವಾ ಆ ಪರಂಪರೆಯ ಗುರುಗಳ ಬಳಿ ಕಲಿಯುವವರಿಗೆ. ಹವ್ಯಾಸಿಗಳು ಇದಕ್ಕಾಗಿ ಹೆಚ್ಚು ಹಣ ತೆರುವ ಅಗತ್ಯ ನನಗೆ ಕಾಣುವುದಿಲ್ಲ. ಅಗ್ಗದ ಸಿ ಟ್ಯೂಬಾ ಅಪರೂಪ. ವಿದ್ಯಾರ್ಥಿ ದರ್ಜೆಯಲ್ಲಿ ಬಿ ಫ್ಲ್ಯಾಟ್‌ಗೆ ಇರುವಷ್ಟು ಆಯ್ಕೆ ಇದರಲ್ಲಿಲ್ಲ.

ಇ ಫ್ಲ್ಯಾಟ್: ಬ್ರಿಟನ್ನಿನದು, ನಮ್ಮದೂ ಹೌದು

ಇಲ್ಲಿ ನಾನು ತಟಸ್ಥನಲ್ಲ ಎಂದು ಮೊದಲೇ ತಿಳಿಸಿಬಿಡುತ್ತೇನೆ. ನಾನು ಕಲಿತದ್ದು ಕರಾವಳಿಯ ಒಂದು ಬ್ಯಾಂಡ್ ಸೆಟ್‌ನಲ್ಲಿ, ಸೇನೆಯ ಬ್ಯಾಂಡಿನಿಂದ ನಿವೃತ್ತರಾದ ಹಿರಿಯರೊಬ್ಬರ ಬಳಿ, ಇ ಫ್ಲ್ಯಾಟ್ ಬಾಸ್ ಮೇಲೆ. ಬ್ಯಾಂಡಿನವರ ಮಾತಿನಲ್ಲಿ ಬಾಸ್ ಎಂದರೆ ಟ್ಯೂಬಾ. ಬ್ರಿಟಿಷರ ಸೇನಾ ಬ್ಯಾಂಡಿನ ಪದ್ಧತಿ ನಮ್ಮ ಸೇನೆ ಮತ್ತು ಪೊಲೀಸ್ ಬ್ಯಾಂಡುಗಳಿಗೆ ಬಂದಾಗ ಇ ಫ್ಲ್ಯಾಟ್ ಮತ್ತು ಬಿ ಫ್ಲ್ಯಾಟ್ ಜೋಡಿಯೂ ಬಂತು. ಬೇರೆ ಶ್ರುತಿಯ ಟ್ಯೂಬಾ ನನ್ನ ಬಾಲ್ಯದಲ್ಲಿ ನಾನು ಕಂಡದ್ದಿಲ್ಲ.

ಇದರ ತವರು ಬ್ರಿಟನ್ನಿನ ಬ್ರಾಸ್ ಬ್ಯಾಂಡ್. ಇಪ್ಪತ್ತೈದರಿಂದ ಇಪ್ಪತ್ತೆಂಟು ಜನರ ಆ ತಂಡದಲ್ಲಿ ಇಬ್ಬರು ಇ ಫ್ಲ್ಯಾಟ್ ಬಾಸ್, ಇಬ್ಬರು ಬಿ ಫ್ಲ್ಯಾಟ್ ಬಾಸ್. ಅಲ್ಲಿ ಬಾಸ್ ಟ್ರಂಬೋನ್ ಒಂದನ್ನು ಬಿಟ್ಟು ಹಿತ್ತಾಳೆ ವಾದ್ಯಗಳೆಲ್ಲವೂ ಟ್ರೆಬಲ್ ಕ್ಲೆಫ್‌ನಲ್ಲೇ ಓದುತ್ತವೆ. ಕ್ಲೆಫ್ ಎಂದರೆ ಯಾವ ಗೆರೆ ಯಾವ ಸ್ವರ ಎಂದು ಹೇಳುವ, ಸಾಲಿನ ಆರಂಭದ ಗುರುತು. ಹಾಳೆಯಲ್ಲಿ ಸಿ ಎಂದಿದ್ದರೆ ವಾಲ್ವ್ ಒತ್ತಬೇಡ ಎಂದರ್ಥ, ಕೈಯಲ್ಲಿ ತುತ್ತೂರಿಯಂಥ ಪುಟ್ಟ ಕಾರ್ನೆಟ್ ಇರಲಿ, ಟ್ಯೂಬಾ ಇರಲಿ. ಹಿಂದಿನ ವಾರ ಕಾರ್ನೆಟ್ ಊದಿದವನು ಈ ವಾರ ಬಾಸ್ ಕುರ್ಚಿಗೆ ಬಂದರೂ ಬೆರಳು ಅದೇ. ಇದು ಬಹಳ ದೊಡ್ಡ ಅನುಕೂಲ.

ಬ್ರಿಟನ್ನಿನ ಆರ್ಕೆಸ್ಟ್ರಾಗಳ ಕಥೆ ಬೇರೆ. ಅಲ್ಲಿ ಮೊದಲು ಎಫ್ ಟ್ಯೂಬಾ ಚಾಲ್ತಿಯಲ್ಲಿತ್ತು. 1954ರ ಜೂನ್‌ನಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಜೊತೆ ಫಿಲಿಪ್ ಕ್ಯಾಟೆಲಿನೆಟ್ ಮೊದಲ ಬಾರಿಗೆ ನುಡಿಸಿದ ವಾನ್ ವಿಲಿಯಮ್ಸ್ ಅವರ ಟ್ಯೂಬಾ ಕನ್ಸರ್ಟೊ ಎಫ್ ಮೈನರ್‌ನಲ್ಲಿದೆ. ಆಮೇಲೆ ಅದೇ ಆರ್ಕೆಸ್ಟ್ರಾಕ್ಕೆ ಬಂದ ಜಾನ್ ಫ್ಲೆಚರ್ ಬ್ರಾಸ್ ಬ್ಯಾಂಡಿನ ಇ ಫ್ಲ್ಯಾಟ್ ಅನ್ನು ಆರ್ಕೆಸ್ಟ್ರಾದೊಳಗೆ ತಂದು, ಅದರಲ್ಲಿ ಏನೆಲ್ಲ ಸಾಧ್ಯ ಎಂದು ತೋರಿಸಿದರು. ಅವರ ನಂತರ ಬ್ರಿಟನ್ನಿನಲ್ಲಿ ಎಫ್ ಹಿಂದೆ ಸರಿಯಿತು. ನಾರ್ವೆಯ ಓಯ್‌ಸ್ಟೈನ್ ಬಾಡ್ಸ್‌ವಿಕ್ ಒಂಟಿ ವಾದಕರಾಗಿ ಲೋಕ ಸುತ್ತಿದ್ದು ಕೂಡ ಇ ಫ್ಲ್ಯಾಟ್ ಹಿಡಿದೇ.

ಈಗ ನನ್ನ ಒಂದು ಸಂಗತಿ. ಕೆಲಸಕ್ಕಾಗಿ ದಕ್ಷಿಣ ಜರ್ಮನಿಗೆ ಹೋದಾಗ ಅಲ್ಲಿನ ಹಳ್ಳಿ ಬ್ಯಾಂಡಿಗೆ ನನ್ನ ಇ ಫ್ಲ್ಯಾಟ್ ಹೊತ್ತು ಹೋದೆ. ಮುಂದೆ ಇಟ್ಟ ಹಾಳೆ ಬಾಸ್ ಕ್ಲೆಫ್‌ನಲ್ಲಿತ್ತು. ನಾನು ಓದಬಲ್ಲದ್ದು ಟ್ರೆಬಲ್ ಮಾತ್ರ. ಕೈ ಬೆವರಿತು. ಪಕ್ಕದಲ್ಲಿದ್ದ ಹಿರಿಯರು ನನ್ನ ಪೆನ್ಸಿಲ್ ತೆಗೆದುಕೊಂಡು ಹಾಳೆಯ ತುದಿಯಲ್ಲಿದ್ದ ಮೂರು ಫ್ಲ್ಯಾಟ್ ಗುರುತುಗಳ ಮೇಲೆ ಗೆರೆ ಎಳೆದು, ಬಾಸ್ ಕ್ಲೆಫ್ ಇರುವಲ್ಲಿ ಟ್ರೆಬಲ್ ಕ್ಲೆಫ್ ಬರೆದರು. ಕೆಳಗಿನಿಂದ ಮೂರನೆಯ ಸಂದಿನಲ್ಲಿರುವ ಸ್ವರ ಬಾಸ್ ಕ್ಲೆಫ್‌ನಲ್ಲಿ ಇ, ಟ್ರೆಬಲ್‌ನಲ್ಲಿ ಸಿ. ಇ ಫ್ಲ್ಯಾಟ್ ಟ್ಯೂಬಾದವನಿಗೆ ಎರಡೂ ಒಂದೇ ಬೆರಳು. ಮೂರು ಫ್ಲ್ಯಾಟ್ ಕಳೆದರೆ ಮುಗಿಯಿತು, ನಡುವೆ ಬರುವ ಬಿಡಿ ಗುರುತುಗಳನ್ನು ಮಾತ್ರ ಎಚ್ಚರದಿಂದ ನೋಡಬೇಕು. ಆ ಸಂಜೆ ಪೂರ್ತಿ ಹಾಗೆಯೇ ಓದಿದೆ. ಈ ಉಪಾಯ ಇ ಫ್ಲ್ಯಾಟ್‌ಗೆ ಮಾತ್ರ ಸಾಧ್ಯ, ಬಿ ಫ್ಲ್ಯಾಟ್‌ನವನಿಗೋ ಸಿ ಟ್ಯೂಬಾದವನಿಗೋ ಇಲ್ಲ. ಬ್ರಾಸ್ ಬ್ಯಾಂಡಿನ ಹಾಳೆಯನ್ನೂ ಆರ್ಕೆಸ್ಟ್ರಾದ ಹಾಳೆಯನ್ನೂ ಒಂದೇ ವಾದ್ಯದಲ್ಲಿ ನುಡಿಸಬೇಕಾದವರು ಇದನ್ನು ನೆನಪಿಟ್ಟುಕೊಳ್ಳಲಿ.

ಆದರೆ ಆ ಹಿರಿಯರು ಅದೇ ಸಂಜೆ ಇನ್ನೊಂದು ಮಾತನ್ನೂ ಹೇಳಿದರು: ಈ ಊರಿನಲ್ಲಿ ನಿನ್ನ ವಾದ್ಯ ಮಾರಲು ಹೋಗಬೇಡ, ಕೊಳ್ಳುವವರಿಲ್ಲ. ಅದು ನಿಜವೇ ಆಗಿತ್ತು. ಅಲ್ಲಿ ಎಫ್ ಮತ್ತು ಬಿ ಫ್ಲ್ಯಾಟ್ ಬಿಟ್ಟರೆ ಉಳಿದವು ವಿರಳ.

ವಾಲ್ವ್‌ಗಳ ಬಗ್ಗೆ ಎರಡು ಮಾತು

ಶ್ರುತಿಯ ಜೊತೆಗೇ ಇದನ್ನೂ ನೋಡದಿದ್ದರೆ ಹೋಲಿಕೆ ಅರ್ಧವಾಗುತ್ತದೆ. ಮೂರು ವಾಲ್ವ್‌ನ ಟ್ಯೂಬಾದಲ್ಲಿ ಒಂದು ಮತ್ತು ಮೂರನ್ನು ಜೊತೆಯಾಗಿ ಒತ್ತಿದಾಗ ಬರುವ ಸ್ವರ ಏರಿರುತ್ತದೆ. ಕಾರಣ ಸರಳ ಗಣಿತ. 5.5 ಮೀಟರ್ ಕೊಳವೆಯನ್ನು ಎರಡೂವರೆ ಸ್ವರ ಇಳಿಸಲು ಸುಮಾರು 1.84 ಮೀಟರ್ ಸೇರಿಸಬೇಕು. ಒಂದು ಮತ್ತು ಮೂರನೆಯ ವಾಲ್ವ್ ಸೇರಿ ಕೊಡುವುದು ಸುಮಾರು 1.71 ಮೀಟರ್. 13 ಸೆಂಟಿಮೀಟರ್ ಕೊರತೆ. ಆ ಜೋಡಿಯ ಕೆಲಸವನ್ನು ಸರಿಯಾದ ಉದ್ದದಲ್ಲಿ ಮಾಡುವುದೇ ನಾಲ್ಕನೆಯ ವಾಲ್ವ್. ನಾಲ್ಕನೆಯದನ್ನು ಬೇರೆಯವುಗಳೊಂದಿಗೆ ಸೇರಿಸಿದಾಗ ಕೊರತೆ ಮತ್ತೆ ತಲೆ ಎತ್ತುತ್ತದೆ. ಅದಕ್ಕೆ ಜರ್ಮನರೂ ಅಮೆರಿಕನ್ನರೂ ಐದನೆಯ, ಆರನೆಯ ವಾಲ್ವ್ ಸೇರಿಸಿದರು. ಬ್ರಿಟನ್ನಿನಲ್ಲಿ ಡೇವಿಡ್ ಬ್ಲೇಕ್ಲಿ 1874ರಲ್ಲಿ ಬೇರೆ ದಾರಿ ಕಂಡುಹಿಡಿದರು: ನಾಲ್ಕನೆಯ ವಾಲ್ವ್ ಒತ್ತಿದ ಕೂಡಲೇ ಗಾಳಿ ಉಳಿದ ವಾಲ್ವ್‌ಗಳ ಮೂಲಕ ಇನ್ನೊಂದು ಸುತ್ತು ಬಂದು, ಬೇಕಾದ ಚೂರು ಉದ್ದವನ್ನು ತಾನೇ ಸೇರಿಸಿಕೊಳ್ಳುವ ಕಾಂಪೆನ್ಸೇಟಿಂಗ್ ವ್ಯವಸ್ಥೆ.

ಇದು ಇ ಫ್ಲ್ಯಾಟ್‌ಗೆ ಪ್ರಾಣವಾಯು. ಮೂರು ವಾಲ್ವ್‌ನ ಇ ಫ್ಲ್ಯಾಟ್ ಕೆಳಗೆ ಬೇಗ ನಿಂತುಬಿಡುತ್ತದೆ. ಕಾಂಪೆನ್ಸೇಟಿಂಗ್ ಇ ಫ್ಲ್ಯಾಟ್ ಮಾತ್ರ ಬಿ ಫ್ಲ್ಯಾಟ್‌ನ ನೆಲಮಾಳಿಗೆಯವರೆಗೂ ಇಳಿಯುತ್ತದೆ. ಬೆಲೆ ಮತ್ತು ತೂಕ ಎರಡೂ ಹೆಚ್ಚು. ಒಂದೇ ವಾದ್ಯದಲ್ಲಿ ಎಲ್ಲ ಬಗೆಯ ಕೆಲಸ ಮಾಡಬೇಕೆನ್ನುವವರಿಗೆ ನನ್ನ ಆಯ್ಕೆ ಇದೇ. ಹಣ ಕಡಿಮೆ ಇದ್ದರೆ ಮೂರು ವಾಲ್ವ್‌ನ ಇ ಫ್ಲ್ಯಾಟ್‌ಗಿಂತ ನಾಲ್ಕು ವಾಲ್ವ್‌ನ ಸಾದಾ ಬಿ ಫ್ಲ್ಯಾಟ್ ಹೆಚ್ಚು ಕಾಲ ಕೈಹಿಡಿಯುತ್ತದೆ.

ಎಫ್: ಹುಟ್ಟಿದ ಶ್ರುತಿ

ಟ್ಯೂಬಾ ಹುಟ್ಟಿದ್ದೇ ಎಫ್ ಶ್ರುತಿಯಲ್ಲಿ. 1835ರ ಸೆಪ್ಟೆಂಬರ್ 12ರಂದು ಬರ್ಲಿನ್ನಿನಲ್ಲಿ ವಿಲ್‌ಹೆಲ್ಮ್ ವೀಪ್ರೆಕ್ಟ್ ಮತ್ತು ಯೋಹಾನ್ ಗಾಟ್‌ಫ್ರೀಡ್ ಮೋರಿಟ್ಸ್ ಪೇಟೆಂಟ್ ಪಡೆದದ್ದು ಐದು ವಾಲ್ವ್‌ನ ಎಫ್ ಬಾಸ್ ಟ್ಯೂಬಾಕ್ಕೆ. ಜರ್ಮನಿ, ಆಸ್ಟ್ರಿಯಾಗಳ ಆರ್ಕೆಸ್ಟ್ರಾ ವಾದಕರಿಗೆ ಇಂದಿಗೂ ಎಫ್ ಮೂಲ ವಾದ್ಯ. ಭಾರದ ಭಾಗ ಬಂದಾಗ ಬಿ ಫ್ಲ್ಯಾಟ್ ಎತ್ತಿಕೊಳ್ಳುತ್ತಾರೆ. ವಾಗ್ನರ್ ತಮ್ಮ ರಿಂಗ್ ಗೀತನಾಟಕಗಳಲ್ಲಿ ಕಾಂಟ್ರಾಬಾಸ್ ಟ್ಯೂಬಾವನ್ನೇ ಹೆಸರಿಸಿ ಕೇಳಿದ್ದಾರೆ. ಅವರದೇ ಮೈಸ್ಟರ್‌ಸಿಂಗರ್ ಮುನ್ನುಡಿಯ ಟ್ಯೂಬಾ ಸಾಲು ಬಾಸ್ ಟ್ಯೂಬಾದ್ದು. ಜರ್ಮನಿಯಲ್ಲಿ ಅದನ್ನು ಎಫ್‌ನಲ್ಲಿ ನುಡಿಸುತ್ತಾರೆ, ಅಮೆರಿಕದಲ್ಲಿ ಹೆಚ್ಚಾಗಿ ಸಿ ಟ್ಯೂಬಾದಲ್ಲಿ. ಒಂದೇ ಹಾಳೆ, ಎರಡು ದೇಶ, ಎರಡು ವಾದ್ಯ. ಎರಡನ್ನೂ ಕೇಳಿದವನಾಗಿ ಹೇಳುತ್ತೇನೆ: ಎಫ್‌ನಲ್ಲಿ ಸಾಲು ಹಾಡುತ್ತದೆ, ಸಿ ಟ್ಯೂಬಾದಲ್ಲಿ ಅದು ಇಡೀ ವೃಂದವನ್ನು ಹೊರುತ್ತದೆ. ನನಗೆ ಹಾಡುವುದೇ ಇಷ್ಟ.

ಒಂಟಿ ವಾದನಕ್ಕೆ, ಐವರ ಹಿತ್ತಾಳೆ ತಂಡಕ್ಕೆ ಎಫ್ ಬಹಳ ಒಪ್ಪುತ್ತದೆ. ಗಾತ್ರ ಕಿರಿದು, ಉಸಿರು ಕಡಿಮೆ ಬೇಕು, ಮೇಲೆ ಭದ್ರ. ಆದರೆ ಬಾಸ್ ಕ್ಲೆಫ್‌ನ ಎರಡನೆಯ ಸಂದಿಗಿಂತ ಒಂದು ಸ್ಥಾಯಿ ಕೆಳಗಿನ ಸಿ ಮತ್ತು ಅದರ ಆಸುಪಾಸಿನ ಸ್ವರಗಳು ರೋಟರಿ, ಅಂದರೆ ತಿರುಗುವ, ವಾಲ್ವ್‌ನ ಎಷ್ಟೋ ಎಫ್ ಟ್ಯೂಬಾಗಳಲ್ಲಿ ಮಂಕಾಗುತ್ತವೆ, ಉಸಿರು ಗೋಡೆಗೆ ತಾಗಿದಂತೆ ಆಗುತ್ತದೆ. ಬ್ಯಾಂಡಿನಲ್ಲಿ ಟ್ಯೂಬಾ ದಿನವಿಡೀ ಬದುಕುವುದೇ ಆ ಜಾಗದಲ್ಲಿ. ಹಾಗಾಗಿ ಮೊದಲ ವಾದ್ಯವಾಗಿ ಎಫ್ ಕೊಳ್ಳಿರೆಂದು ನಾನು ಜರ್ಮನಿ, ಆಸ್ಟ್ರಿಯಾದಲ್ಲಿ ಆರ್ಕೆಸ್ಟ್ರಾ ಶಿಕ್ಷಣ ಪಡೆಯುವವರಿಗೆ ಮಾತ್ರ ಹೇಳುತ್ತೇನೆ. ಉಳಿದವರಿಗೆ ಇದು ಎರಡನೆಯ ವಾದ್ಯ. ಅಮೆರಿಕದ ಆರ್ಕೆಸ್ಟ್ರಾ ವಾದಕರು ಸಿ ಜೊತೆಗೆ ಎಫ್ ಅಥವಾ ಇ ಫ್ಲ್ಯಾಟ್ ಇಟ್ಟುಕೊಳ್ಳುವುದೂ ಹೀಗೆಯೇ.

ಫ್ರಾನ್ಸಿನ ಪುಟ್ಟ ಸಿ ಟ್ಯೂಬಾವನ್ನು ಕೊಳ್ಳುವ ಸಂದರ್ಭ ಇಂದು ಬರಲಾರದು, ಆದರೂ ಹೇಳದೆ ಬಿಡಲಾಗದು. ಆರು ವಾಲ್ವ್‌ನ, ಟ್ಯೂಬಾದ ಪುಟ್ಟ ತಮ್ಮನಂಥ ಯುಫೋನಿಯಂಗಿಂತಲೂ ಒಂದು ಸ್ವರ ಮೇಲಿನ ಆ ವಾದ್ಯವೇ ಅಲ್ಲಿ ದೀರ್ಘಕಾಲ ಆರ್ಕೆಸ್ಟ್ರಾದ ಟ್ಯೂಬಾ. 1922ರಲ್ಲಿ ರಾವೆಲ್ ಅವರು ಮುಸೋರ್ಗ್‌ಸ್ಕಿಯ ಚಿತ್ರಪ್ರದರ್ಶನ ಕೃತಿಯನ್ನು ಆರ್ಕೆಸ್ಟ್ರಾಕ್ಕೆ ಹೊಂದಿಸಿದಾಗ, ಎತ್ತಿನ ಗಾಡಿಯ ಭಾಗವನ್ನು ಇದರ ಕೈಗೆ ಕೊಟ್ಟರು. ಆ ಸಾಲು ಏರುವ ಎತ್ತರಕ್ಕೆ ಬೇರೆ ದೇಶಗಳ ಟ್ಯೂಬಾ ವಾದಕರು ಇಂದಿಗೂ ಹೆದರುತ್ತಾರೆ. ಹಲವರು ಅಲ್ಲಿ ಯುಫೋನಿಯಂ ಎತ್ತಿಕೊಳ್ಳುತ್ತಾರೆ.

ಹಳೆಯದನ್ನು ಕೊಳ್ಳುವಾಗ

ಬೆಂಗಳೂರಿನವರ ಕಥೆ ಇಲ್ಲಿಗೆ ಸೇರುತ್ತದೆ. ಭಾರತದಲ್ಲಿ ಕೊಳ್ಳುವವರಿಗೆ ಇರುವ ದಾರಿ ಮೂರು: ವಿದೇಶದ ಹೊಸದು, ಹಿತ್ತಾಳೆ ವಾದ್ಯ ತಯಾರಿಕೆಗೆ ಹೆಸರಾದ ಮೀರತ್‌ನ ಜಲಿ ಕೋಠಿಯದ್ದು, ಅಥವಾ ಯಾರೋ ಬಳಸಿದ್ದು. ಮೀರತ್‌ನದ್ದಾದರೆ ಖುದ್ದಾಗಿ ಹೋಗಿ ನಾಲ್ಕಾರು ವಾದ್ಯ ಊದಿ ಆರಿಸಿ. ಕೈಕೆಲಸವಾದ್ದರಿಂದ ಒಂದರಂತೆ ಇನ್ನೊಂದಿರುವುದಿಲ್ಲ.

ಹಳೆಯದ್ದಾದರೆ ಹೆಸರಿನ ಬಲೆಯಿದೆ. ಜರ್ಮನ್ನರು ಬಿ ಫ್ಲ್ಯಾಟ್ ಅನ್ನು ಬರೀ 'ಬಿ' ಎಂದು ಬರೆಯುತ್ತಾರೆ, ಇ ಫ್ಲ್ಯಾಟ್ ಅನ್ನು 'ಎಸ್' ಎನ್ನುತ್ತಾರೆ. ಬ್ರಿಟನ್ನಿನ ಹಳೆಯ ಬ್ಯಾಂಡ್ ವಾದ್ಯಗಳಲ್ಲಿ ಇನ್ನೂ ದೊಡ್ಡ ಅಪಾಯವಿದೆ. 1960ರ ದಶಕದ ಮಧ್ಯದವರೆಗೆ ಅಲ್ಲಿನ ಬ್ರಾಸ್ ಬ್ಯಾಂಡುಗಳು ಎ ಸ್ವರವನ್ನು ಸೆಕೆಂಡಿಗೆ 440 ಕಂಪನಕ್ಕೆ ಬದಲಾಗಿ ಸುಮಾರು 452ಕ್ಕೆ ಕೂಡಿಸುತ್ತಿದ್ದವು. ಆ ಕಾಲದ ಇ ಫ್ಲ್ಯಾಟ್ ಇಂದಿನ ಕೀಬೋರ್ಡಿನ ಜೊತೆ ಹೆಚ್ಚುಕಡಿಮೆ ಅರ್ಧ ಮನೆ (ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗಿರುವ ದೂರದ ಅರ್ಧ) ಏರಿ ನುಡಿಯುತ್ತದೆ. ಸರಿಪಡಿಸಲು ಮುಖ್ಯ ಕೊಳವೆಗೆ ಸುಮಾರು 11 ಸೆಂಟಿಮೀಟರ್ ಸೇರಿಸಬೇಕು, ವಾಲ್ವ್‌ಗಳ ಕೊಳವೆಗಳನ್ನೂ ಅದೇ ಪ್ರಮಾಣದಲ್ಲಿ ಉದ್ದ ಮಾಡಬೇಕು. ಆ ಕೆಲಸ ಬಲ್ಲ ಕುಶಲಿ ಹತ್ತಿರದಲ್ಲಿ ಇಲ್ಲದಿದ್ದರೆ ಅಗ್ಗವೆಂದು ಮರುಳಾಗಬೇಡಿ.

ಬೆಂಗಳೂರಿನವರಿಗೆ ನಾನು ಹೇಳಿದ್ದು ಬಿ ಫ್ಲ್ಯಾಟ್, ನಾಲ್ಕು ವಾಲ್ವ್. ಸ್ತೋತ್ರಗಳ ಬಾಸ್ ಸಾಲು ಮೇಲೆ ಏರುವುದೇ ಇಲ್ಲ, ಪಕ್ಕದಲ್ಲಿ ಬೇರೆ ಟ್ಯೂಬಾ ಇಲ್ಲ, ಕೆಳಗಿನ ತೂಕ ಒಬ್ಬರೇ ಹೊರಬೇಕು. ಅವರಿಗೆ ಬಿ ಫ್ಲ್ಯಾಟ್ ಎಂದೇ ಹೇಳಿ ಒಂದು ವಾದ್ಯ ತೋರಿಸಲಾಯಿತು. ಮಾರುವವರು ಊದಿ ತೋರಿಸಿದರು, ಮೊಬೈಲಿನ ಟ್ಯೂನರ್ ಬಿ ಫ್ಲ್ಯಾಟ್ ಎಂದೇ ತೋರಿಸಿತು. ಆದರೆ ವಾದ್ಯ ಕೈಯಲ್ಲಿ ಹಗುರವೆನಿಸಿ ಅವರು ನನಗೆ ಫೋನ್ ಮಾಡಿದರು. ವಾಲ್ವ್ ಮುಟ್ಟದೆ ಅದರ ಕೆಳಗಿನ ಮತ್ತು ಮೇಲಿನ ಸಹಜ ಸ್ವರವನ್ನೂ ಊದಲು ಹೇಳಿ ಎಂದೆ. ಬಿ ಫ್ಲ್ಯಾಟ್ ಟ್ಯೂಬಾದಲ್ಲಿ ಸಹಜವಾಗಿ ಬರುವವು ಬಿ ಫ್ಲ್ಯಾಟ್ ಮತ್ತು ಎಫ್. ಸಿ ಟ್ಯೂಬಾದಲ್ಲಿ ಸಿ ಮತ್ತು ಜಿ. ಎಫ್ ಟ್ಯೂಬಾದಲ್ಲಿ ಎಫ್ ಮತ್ತು ಸಿ. ಇ ಫ್ಲ್ಯಾಟ್‌ನಲ್ಲಿ ಇ ಫ್ಲ್ಯಾಟ್ ಮತ್ತು ಬಿ ಫ್ಲ್ಯಾಟ್. ಒಂದೇ ಸ್ವರ ನೋಡಿದರೆ ಮೋಸ ಹೋಗುತ್ತೀರಿ, ಜೋಡಿಯನ್ನು ನೋಡಬೇಕು. ಮಾರುವವರು ಮತ್ತೆ ಊದಿದರು. ಟ್ಯೂನರ್‌ನಲ್ಲಿ ಕೆಳಗೆ ಇ ಫ್ಲ್ಯಾಟ್, ನಡುವೆ ಬಿ ಫ್ಲ್ಯಾಟ್, ಮೇಲೆ ಮತ್ತೆ ಇ ಫ್ಲ್ಯಾಟ್ ಬಂತು, ಮೂರೂ ಅರ್ಧ ಮನೆಯಷ್ಟು ಏರಿ.

ಯಾರ್ಕ್‌ಷೈರ್‌ನ ಹುಡುಗನಿಗೆ ನಾನು ಏನನ್ನೂ ಕೊಳ್ಳಬೇಡ ಎಂದೆ. ಅಲ್ಲಿನ ಬ್ಯಾಂಡುಗಳು ಸಾಮಾನ್ಯವಾಗಿ ವಾದ್ಯಗಳನ್ನು ತಾವೇ ಇಟ್ಟುಕೊಂಡು ಸದಸ್ಯರಿಗೆ ಕೊಡುತ್ತವೆ. ಯಾವ ಕುರ್ಚಿ ಖಾಲಿ ಇದೆ ಎಂದು ಮಾತ್ರ ಕೇಳಲು ಹೇಳಿದೆ. ಇ ಫ್ಲ್ಯಾಟ್ ಕುರ್ಚಿ ಎಂದರಂತೆ. ಈಗ ಪ್ರತಿ ಮಂಗಳವಾರ ಸಂಜೆ ಅಭ್ಯಾಸಕ್ಕೆ ಹೋಗುತ್ತಿದ್ದಾನೆ.